ತಿರುಗೇಟಿನ ಆಟ: ಹಳೆಯ ಪ್ಲೇಸ್ಟೇಷನ್ 2ರಲ್ಲಿ ‘ಹಿಯರ್ ಕಮ್ಸ್ ದಿ ಪೇನ್’ ಆಡುವವರಿಗೆ ಸಮಗ್ರ ಮಾರ್ಗದರ್ಶಿ

‘ಡಬ್ಲ್ಯೂಡಬ್ಲ್ಯೂಇ ಸ್ಮ್ಯಾಕ್‌ಡೌನ್! ಹಿಯರ್ ಕಮ್ಸ್ ದಿ ಪೇನ್’ ಎಂಬ ಕುಸ್ತಿಯ ವಿಡಿಯೊ ಗೇಮಿನಲ್ಲಿ ಗೆಲ್ಲುವವನು ಹೆಚ್ಚು ಹೊಡೆಯುವವನಲ್ಲ, ಬರುವ ಹೊಡೆತವನ್ನು ಆ ಗಳಿಗೆಯಲ್ಲೇ ತಿರುಗಿಸುವವನು. ಅದಕ್ಕೆಂದು ಇರುವುದು ಕಂಟ್ರೋಲರಿನ ಹೆಗಲಿನ ಎರಡೇ ಬಟನ್, ಎಲ್2 ಮತ್ತು ಆರ್2. ಯಾವ ಟಿವಿ ಒಳ್ಳೆಯದು, ಯಾವ ಕಂಟ್ರೋಲರ್ ಕೊಳ್ಳಬೇಕು, ಮೊದಲು ಏನು ಕಲಿಯಬೇಕು ಎಂದು ಕೇಳುವವರಿಗೆ ನಾನು ಕೊಡುವ ಉತ್ತರವೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಎರಡು ಬಟನ್‌ಗಳ ಬಳಿ. ಉಳಿದದ್ದು ಅಲಂಕಾರ. ಅಲಂಕಾರವೂ ಚೆನ್ನಾಗಿಯೇ ಇದೆ, ಅದರ ಮಾತು ಆಮೇಲೆ.

ಆಟ ಬಂದದ್ದು 2003ರಲ್ಲಿ, ಸೋನಿಯ ಪ್ಲೇಸ್ಟೇಷನ್ 2 ಎಂಬ ಆಟದ ಯಂತ್ರ ಒಂದಕ್ಕೇ. ತಯಾರಿಸಿದ್ದು ಜಪಾನಿನ ಯೂಕ್ಸ್, ಹೊರತಂದದ್ದು ಟಿಎಚ್‌ಕ್ಯೂ. ಮುಖಪುಟದಲ್ಲಿ ಕುಸ್ತಿಪಟು ಬ್ರಾಕ್ ಲೆಸ್ನರ್. ಟಿವಿಯ ಕುಸ್ತಿ ನಡೆಸುವ ಅಮೆರಿಕದ ಕಂಪನಿಯ ಡಬ್ಲ್ಯೂಡಬ್ಲ್ಯೂಎಫ್ ಎಂಬ ಹೆಸರು 2002ರಲ್ಲಿ ಡಬ್ಲ್ಯೂಡಬ್ಲ್ಯೂಇ ಎಂದು ಬದಲಾಗಿ ಹೆಚ್ಚು ದಿನ ಆಗಿರಲಿಲ್ಲ. ತುಮಕೂರಿನಲ್ಲಿ ನಮ್ಮ ವಯಸ್ಸಿನವರು ಆಗಲೂ ‘ಡಬ್ಲ್ಯೂಡಬ್ಲ್ಯೂಎಫ್’ ಎಂದೇ ಹೇಳುತ್ತಿದ್ದೆವು, ಈಗಲೂ ಹಾಗೆಯೇ ಹೇಳುವವರಿದ್ದಾರೆ. ಕುಸ್ತಿಪಟುಗಳ ಚಿತ್ರವಿದ್ದ ಟ್ರಂಪ್ ಕಾರ್ಡುಗಳಲ್ಲಿ ಎತ್ತರ, ತೂಕ, ಎದೆಯ ಸುತ್ತಳತೆ ನೋಡಿ ಪಂದ್ಯ ಕಟ್ಟಿದ ಹುಡುಗರಿಗೆ, ಅದೇ ಜನ ಟಿವಿಯಲ್ಲಿ ತಮ್ಮ ಬೆರಳಿನ ಮಾತು ಕೇಳುತ್ತಾರೆ ಎಂಬುದೇ ದೊಡ್ಡ ಬೆರಗು. ಮನೆಯಲ್ಲಿ ಯಂತ್ರ ಇಲ್ಲದವರು ಗಂಟೆಗಿಷ್ಟು ಎಂದು ಕೊಟ್ಟು ವಿಡಿಯೊ ಗೇಮ್ ಅಂಗಡಿಯಲ್ಲಿ ಆಡುತ್ತಿದ್ದರು. ಅಂಗಡಿಗಳು ಮುಚ್ಚಿದವು, ಹುಡುಗರು ಸಂಬಳ ತರುವವರಾದರು. ಈಗ ಅದೇ ಯಂತ್ರವನ್ನು ಹುಡುಕಿಕೊಂಡು ಹೊರಡುವವರು ಹೆಚ್ಚಾಗಿ ಅವರೇ. ಈ ಬರಹ ಅವರಿಗಾಗಿ, ಮತ್ತು ಅವರ ಮನೆಯ ಮಕ್ಕಳಿಗಾಗಿ.

ಯಂತ್ರ ಕೊಳ್ಳುವುದು

ಪ್ಲೇಸ್ಟೇಷನ್ 2 ಜಪಾನಿನಲ್ಲಿ ಬಿಡುಗಡೆಯಾದದ್ದು 2000ದ ಮಾರ್ಚ್‌ನಲ್ಲಿ. ತಯಾರಿಕೆ ನಿಂತ ಸುದ್ದಿ ಬಂದದ್ದು 2013ರ ಆರಂಭದಲ್ಲಿ. ಆದ್ದರಿಂದ ಇಂದು ನಿಮ್ಮ ಕೈಗೆ ಸಿಗುವ ಪ್ರತಿಯೊಂದು ಯಂತ್ರವೂ ಹತ್ತು ವರ್ಷ ದಾಟಿದ್ದು. ‘ಹೊಸದು, ಡಬ್ಬಿಯನ್ನೇ ಬಿಚ್ಚಿಲ್ಲ’ ಎನ್ನುವವರ ಮಾತನ್ನು ಕೇಳಿ, ನಕ್ಕು, ಯಂತ್ರವನ್ನು ಓಡಿಸಿ ತೋರಿಸಲು ಹೇಳಿ.

ಎರಡು ಆಕಾರಗಳಿವೆ. ಮೊದಲನೆಯದು ದಪ್ಪನೆಯದು, ಡಿಸ್ಕ್‌ನ ತಟ್ಟೆ ಮುಂದಕ್ಕೆ ಜಾರಿ ಬರುತ್ತದೆ. ಎರಡನೆಯದು 2004ರಲ್ಲಿ ಬಂದ ತೆಳ್ಳನೆಯದು, ಮೇಲಿನ ಮುಚ್ಚಳ ಎತ್ತಿ ಡಿಸ್ಕ್ ಇಡಬೇಕು. ನಾನು ತೆಳ್ಳನೆಯದನ್ನೇ ಹೇಳುತ್ತೇನೆ. ಮುಚ್ಚಳ ಎತ್ತಿದರೆ ಲೆನ್ಸ್ ಕಣ್ಣೆದುರಿಗೇ ಇರುತ್ತದೆ, ಒರೆಸುವುದು ಸುಲಭ. ನಮ್ಮ ಕಡೆಯ ಧೂಳನ್ನು ಬಲ್ಲವರಿಗೆ ಇದು ಸಣ್ಣ ಮಾತಲ್ಲ. ದಪ್ಪ ಯಂತ್ರದ ಲೆನ್ಸ್ ಮುಟ್ಟಬೇಕಾದರೆ ಮೇಲಿನ ಕವಚವನ್ನೇ ಬಿಚ್ಚಬೇಕು.

ಎಲ್ಲಿ ಹುಡುಕುವುದು? ತುಮಕೂರಿನ ಬಿ.ಎಚ್. ರಸ್ತೆಯ ಆಸುಪಾಸಿನ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಒಮ್ಮೆ ಕೇಳಿ ನೋಡಿ. ಮಾರುವುದಕ್ಕೆ ಇಡದಿದ್ದರೂ ‘ಒಬ್ಬರು ಕೊಟ್ಟು ಹೋಗಿದ್ದಾರೆ’ ಎಂಬ ಯಂತ್ರ ಒಳಗಿನ ಕಪಾಟಿನಲ್ಲಿ ಇರುವುದುಂಟು. ಸಿಗದಿದ್ದರೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ. ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ. ಕೇಬಲ್, ಅಡಾಪ್ಟರ್‌ಗಳಿಗೆ ಎಸ್.ಪಿ. ರಸ್ತೆ ಇದೆ. ಕೋಲಾರ, ಚಿಕ್ಕಬಳ್ಳಾಪುರದವರಿಗೂ ಇದೇ ದಾರಿ. ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಮಾರುವವರ ಮನೆಗೇ ಹೋಗಿ ನೋಡಿ. ಚಿತ್ರ ನೋಡಿ ಹಣ ಕಳಿಸಬೇಡಿ.

ಪರೀಕ್ಷೆಗೆ ಅರ್ಧ ಗಂಟೆಯಾದರೂ ಬೇಕು. ತಣ್ಣಗಿರುವಾಗ ಡಿಸ್ಕ್ ಓದುವ ಯಂತ್ರ ಬಿಸಿಯಾದ ಮೇಲೆ ಕೈಕೊಡಬಹುದು. ಪಂದ್ಯದ ಮೊದಲು ಕುಸ್ತಿಪಟು ನಡೆದು ಬರುವ ದೃಶ್ಯ ತಡೆತಡೆದು ಬಂದರೆ, ಸಂಗೀತ ಮುಂದೆ ಹೋಗಿ ಚಿತ್ರ ಹಿಂದೆ ಉಳಿದರೆ, ಲೆನ್ಸ್ ಸೋತಿದೆ ಎಂದು ತಿಳಿಯಿರಿ. ಎರಡೂ ಕಂಟ್ರೋಲರ್ ಕಿಂಡಿಗಳಲ್ಲಿ, ಎರಡೂ ಮೆಮೊರಿ ಕಾರ್ಡ್ ಕಿಂಡಿಗಳಲ್ಲಿ ಹಾಕಿ ತೆಗೆದು ನೋಡಿ. ತೆರೆ ಕೆಂಪಾಗಿ, ಪ್ಲೇಸ್ಟೇಷನ್ ಡಿಸ್ಕ್ ಹಾಕಿ ಎಂಬ ಸೂಚನೆ ಬಂದರೆ ಗಾಬರಿ ಬೇಡ. ಆ ಡಿಸ್ಕ್ ಗೀರಿದ್ದಿರಬಹುದು, ನಕಲಿಯಿರಬಹುದು, ಬೇರೆ ದೇಶದ್ದಿರಬಹುದು. ಇನ್ನೊಂದು ಅಸಲಿ ಡಿಸ್ಕ್ ಹಾಕಿ ನೋಡಿದ ಮೇಲೆ ತೀರ್ಪು ಕೊಡಿ.

ಅಮೆರಿಕದಿಂದಲೋ ಜಪಾನಿನಿಂದಲೋ ನೆಂಟರು ತಂದುಕೊಟ್ಟ ದಪ್ಪ ಯಂತ್ರ ಅಟ್ಟದ ಮೇಲಿದ್ದರೆ, ಪ್ಲಗ್ಗಿಗೆ ಸಿಕ್ಕಿಸುವ ಮೊದಲು ಅದರ ಬೆನ್ನಿನ ಚೀಟಿ ಓದಿ. 100 ಅಥವಾ 120 ವೋಲ್ಟ್ ಎಂದಿದ್ದರೆ ನಮ್ಮ 230 ವೋಲ್ಟಿಗೆ ಅದು ಸುಟ್ಟುಹೋಗುತ್ತದೆ. ಪ್ಲಗ್ಗಿನ ತುದಿ ಬದಲಿಸುವ ಅಡಾಪ್ಟರ್ ವೋಲ್ಟೇಜನ್ನು ಬದಲಿಸುವುದಿಲ್ಲ; ಅದಕ್ಕೆ ಟ್ರಾನ್ಸ್‌ಫಾರ್ಮರ್ ಬೇಕು.

ಡಿಸ್ಕ್ ಮತ್ತು ಮೆಮೊರಿ ಕಾರ್ಡ್

ಯಂತ್ರ, ಡಿಸ್ಕ್ ಎರಡಕ್ಕೂ ಟಿವಿ ಸಂಕೇತದ ಬಗೆಯ ಹೆಸರಿನಲ್ಲಿ ವಲಯಗಳಿವೆ. ಭಾರತದಲ್ಲಿ ಮಾರಾಟವಾದ ಯಂತ್ರಗಳು ಪಾಲ್ ವಲಯದವು. ಅದಕ್ಕೆ ಪಾಲ್ ಡಿಸ್ಕೇ ಬೇಕು. ಅಮೆರಿಕದ ಎನ್‌ಟಿಎಸ್‌ಸಿ ಡಿಸ್ಕ್ ಮಾರ್ಪಡಿಸದ ಯಂತ್ರದಲ್ಲಿ ಓಡುವುದಿಲ್ಲ. ಒಳಗೆ ಚಿಪ್ ಹಾಕಿ ಮಾರ್ಪಡಿಸಿದ ಯಂತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ, ಫುಟ್‌ಪಾತ್ ಡಿಸ್ಕುಗಳ ಕಾಲ ಹಾಗಿತ್ತು. ನನ್ನ ಮಾತು ಕೇಳುವುದಾದರೆ ಅಸಲಿ ಡಿಸ್ಕ್ ಒಂದನ್ನು ಕೊಳ್ಳಿ. ಕಾನೂನಿನ ಮಾತು ಒಂದು ಕಡೆ, ಬರೆದ ಡಿಸ್ಕ್ ಓದಲು ಮುಪ್ಪಾದ ಲೆನ್ಸ್ ಹೆಚ್ಚು ಹೆಣಗಬೇಕು ಎಂಬುದು ಇನ್ನೊಂದು ಕಡೆ. ಡಿಸ್ಕ್ ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತಲೂ ತಿರುಗಿಸಿ ಒರೆಸಿದರೆ ಬೀಳುವ ಗೀರು ದತ್ತಾಂಶದ ಸಾಲಿನ ಉದ್ದಕ್ಕೂ ಸಾಗುತ್ತದೆ, ಅದು ಅಡ್ಡ ಗೀರಿಗಿಂತ ಕೆಟ್ಟದ್ದು.

ಮೆಮೊರಿ ಕಾರ್ಡ್ ಇಲ್ಲದೆ ಆಟ ಆಡಬಹುದು, ಆದರೆ ಯಂತ್ರ ಆರಿಸಿದೊಡನೆ ಗಳಿಸಿದ್ದೆಲ್ಲ ಹೋಗುತ್ತದೆ. ಸೋನಿಯ ಅಸಲಿ ಕಾರ್ಡ್ 8 ಎಂಬಿಯದು. 64, 128 ಎಂದು ಬರೆದ ಅಗ್ಗದ ಕಾರ್ಡುಗಳನ್ನು ನಾನು ನಂಬುವುದಿಲ್ಲ. ಉಳಿಸುವ ಕೆಲಸವನ್ನು ಆಟಕ್ಕೆ ಬಿಡಬೇಡಿ. ಪ್ರತಿ ಸಲ ಆಡಿ ಏಳುವ ಮೊದಲು ಪಟ್ಟಿಯೊಳಗೆ ಹೋಗಿ ನೀವೇ ಉಳಿಸಿ. ಉಳಿಸುತ್ತಿರುವಾಗ ಕರೆಂಟ್ ಹೋದರೆ ಕಡತ ಕೆಡುತ್ತದೆ, ವಾರದಿಂದ ವಾರಕ್ಕೆ ಆಡಿ ತಿಂಗಳುಗಟ್ಟಲೆ ಕಟ್ಟಿದ ‘ಸೀಸನ್’ ಮಣ್ಣುಪಾಲು. ಬೇಸಿಗೆಯ ಸಂಜೆ ಆಡುವವರು ಯಂತ್ರವನ್ನೂ ಟಿವಿಯನ್ನೂ ಯುಪಿಎಸ್ ಲೈನಿಗೆ ಹಾಕಿಕೊಳ್ಳುವುದು ಮೇಲು. ಎರಡನೆಯ ಕಾರ್ಡ್ ಇದ್ದರೆ ಆಗಾಗ ಪ್ರತಿ ಮಾಡಿ ಇಡಿ. ಡಿಸ್ಕ್ ಹಾಕದೆ ಯಂತ್ರ ಹೊತ್ತಿಸಿದರೆ ಬರುವ ಬ್ರೌಸರ್‌ನಲ್ಲಿ ಇದಕ್ಕೆ ಅವಕಾಶವಿದೆ. ಅಂದ ಹಾಗೆ, ಯಂತ್ರ ಹೊತ್ತುವಾಗ ಕತ್ತಲಲ್ಲಿ ಏಳುವ ಆ ಗೋಪುರಗಳು ಸುಮ್ಮನೆ ಅಲ್ಲ, ಕಾರ್ಡಿನಲ್ಲಿರುವ ಆಟಗಳಿಗೆ ತಕ್ಕಂತೆ ಅವು ಬೆಳೆಯುತ್ತವೆ.

ಟಿವಿ: ಸೋಲು ಶುರುವಾಗುವ ಜಾಗ

ಪಕ್ಕದ ಮನೆಯ ಹುಡುಗ, ಏಳನೆಯ ತರಗತಿ, ನನ್ನನ್ನು ಮಾವ ಎನ್ನುತ್ತಾನೆ. ಅವರ ಮನೆಯಲ್ಲಿ ಗೋಡೆಗೆ ಹಾಕಿದ ದೊಡ್ಡ ಎಲ್‌ಇಡಿ ಟಿವಿ. ಅದರಲ್ಲಿ ಆಡಿ ಸೋತು ಬಂದು ದೂರು ಹೇಳಿದ.

“ಮಾವ, ನಾನು ಸರಿಯಾದ ಹೊತ್ತಿಗೇ ಒತ್ತಿದೆ. ಅದು ತೆಗೆದುಕೊಳ್ಳಲೇ ಇಲ್ಲ.”

“ನೀನು ಒತ್ತಿದ್ದು ಸರಿಯಪ್ಪ. ನಿಮ್ಮ ಟಿವಿ ತಡವಾಗಿ ತೋರಿಸಿತು.”

ಹುಡುಗನಿಗೆ ನಂಬಿಕೆ ಬರಲಿಲ್ಲ. ನಮ್ಮ ಮನೆಯ ಹಳೆಯ ಡಬ್ಬಿ ಟಿವಿಗೆ ಅದೇ ಯಂತ್ರ, ಅದೇ ಕಂಟ್ರೋಲರ್ ಸಿಕ್ಕಿಸಿ ಕೊಟ್ಟ ಮೇಲೆ ಬಂತು.

ಲೆಕ್ಕ ಹೀಗಿದೆ. ಪಾಲ್ ಯಂತ್ರ ಸೆಕೆಂಡಿಗೆ 50 ಸಲ ಚಿತ್ರ ಕಳಿಸುತ್ತದೆ, ಅಂದರೆ ಒಂದೊಂದಕ್ಕೆ 20 ಮಿಲಿಸೆಕೆಂಡ್. ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಬಂದದ್ದನ್ನು ಬಂದಂತೆ ತೆರೆಗೆ ಬಿಡುತ್ತದೆ. ಹೊಸ ಟಿವಿ ಹಾಗಲ್ಲ. ಹಳೆಯ ಸಂಕೇತವನ್ನು ಒಳಗೆ ತೆಗೆದುಕೊಂಡು, ಗೆರೆಗಳನ್ನು ಜೋಡಿಸಿ, ಹಿಗ್ಗಿಸಿ, ನಯಮಾಡಿ ಆಮೇಲೆ ತೋರಿಸುತ್ತದೆ. ಈ ಶೃಂಗಾರಕ್ಕೆ 100 ಮಿಲಿಸೆಕೆಂಡ್ ದಾಟಿ ತೆಗೆದುಕೊಳ್ಳುವ ಟಿವಿಗಳೂ ಇವೆ. ಅಷ್ಟರಲ್ಲಿ ಆಟ ಐದು ಚಿತ್ರಗಳಷ್ಟು ಮುಂದೆ ಹೋಗಿರುತ್ತದೆ. ಎದುರಾಳಿಯ ಕೈ ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಯಂತ್ರದ ಒಳಗೆ ಹೊಡೆತ ಬಿದ್ದಾಗಿರುತ್ತದೆ. ಎಲ್2 ಒತ್ತಿ ಪ್ರಯೋಜನವೇನು?

ಆದ್ದರಿಂದ ಮೊದಲ ಆಯ್ಕೆ ಹಳೆಯ ಟ್ಯೂಬ್ ಟಿವಿ. ನೆಂಟರ ಮನೆಯ ಅಟ್ಟದಲ್ಲಿ, ಗುಜರಿ ಅಂಗಡಿಯಲ್ಲಿ, ರಿಪೇರಿಯವರ ಮೂಲೆಯಲ್ಲಿ ಇನ್ನೂ ಸಿಗುತ್ತವೆ. 21 ಇಂಚು ಸಾಕು. 29 ಇಂಚಿನದನ್ನು ಮೆಟ್ಟಿಲು ಹತ್ತಿಸಲು ಇಬ್ಬರು ಗಟ್ಟಿಗರು ಬೇಕು. ಕೆಟ್ಟಿದ್ದರೆ ನೀವೇ ಹಿಂದಿನ ಕವಚ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.

ಎಲ್‌ಇಡಿ ಟಿವಿಯೇ ಗತಿ ಎಂದಾದರೆ ಸೆಟ್ಟಿಂಗ್‌ನಲ್ಲಿ ‘ಗೇಮ್ ಮೋಡ್’ ಹುಡುಕಿ ಹಾಕಿ. ಚಲನೆ ನಯಗೊಳಿಸುವ, ಚುಕ್ಕೆ ತೆಗೆಯುವ ಆಯ್ಕೆಗಳನ್ನೆಲ್ಲ ಆರಿಸಿ. ತೆರೆಯ ಅಳತೆಯನ್ನು 4:3ಕ್ಕೆ ಇಡಿ. ಇಲ್ಲದಿದ್ದರೆ ಸಣ್ಣ ಮೈಯ ಕುಸ್ತಿಪಟು ರೇ ಮಿಸ್ಟೀರಿಯೊ ಕೂಡ ಹೊಟ್ಟೆ ಬಂದವರಂತೆ ಅಡ್ಡಡ್ಡ ಕಾಣುತ್ತಾರೆ. ಯಂತ್ರದ ಜೊತೆ ಬರುವ ಕೇಬಲಿಗೆ ಹಳದಿ, ಬಿಳಿ, ಕೆಂಪು ತುದಿಗಳಿರುತ್ತವೆ. ಹಳದಿ ಚಿತ್ರಕ್ಕೆ, ಉಳಿದೆರಡು ಧ್ವನಿಗೆ. ಹೊಸ ಟಿವಿಯಲ್ಲಿ ಹಳದಿ ಕಿಂಡಿ ಕಾಣದಿದ್ದರೆ ಹಸಿರು ಕಿಂಡಿಯನ್ನು ನೋಡಿ, ಅನೇಕ ಟಿವಿಗಳಲ್ಲಿ ಅದೇ ಎರಡೂ ಕೆಲಸ ಮಾಡುತ್ತದೆ. ಚಿತ್ರ ಕಪ್ಪುಬಿಳುಪಾಗಿ ಬಂದರೆ ಯಂತ್ರ ಕೆಟ್ಟಿಲ್ಲ, ಟಿವಿಯ ಇನ್‌ಪುಟ್ ‘ಕಾಂಪೊನೆಂಟ್’ನಲ್ಲಿ ನಿಂತಿದೆ, ‘ಎವಿ’ಗೆ ಬದಲಿಸಿ. ಐದು ತುದಿಗಳ ಕಾಂಪೊನೆಂಟ್ ಕೇಬಲ್ ಸಿಕ್ಕರೆ ಚಿತ್ರ ಹೆಚ್ಚು ಸ್ಪಷ್ಟ. ಆದರೆ ಯಂತ್ರದ ಸಿಸ್ಟಮ್ ಸೆಟ್ಟಿಂಗ್‌ನಲ್ಲಿ ‘ಆರ್‌ಜಿಬಿ’ ಬದಲು ‘ವೈ ಸಿಬಿ ಸಿಆರ್’ ಆರಿಸಿಕೊಳ್ಳುವುದನ್ನು ಮರೆಯಬೇಡಿ.

ಕಂಟ್ರೋಲರ್

ಅಸಲಿ ಡ್ಯುಯಲ್‌ಶಾಕ್ 2 ಹಳೆಯದಾಗಿದ್ದರೂ ಅಗ್ಗದ ಹೊಸ ನಕಲಿಗಿಂತ ಮೇಲು. ನಕಲಿಗಳಲ್ಲಿ ಮೊದಲು ಸಾಯುವುದು ಹೆಗಲಿನ ಬಟನ್‌ಗಳು, ನಮಗೆ ಬೇಕಾದದ್ದೂ ಅವೇ. ಎಲ್2 ಒತ್ತಿ ಬಿಟ್ಟಾಗ ತಟ್ಟನೆ ಮೇಲೇಳಬೇಕು. ಅಂಟಿದಂತೆ ನಿಧಾನಕ್ಕೆ ಎದ್ದರೆ ಹಿಂದಿನ ಸ್ಕ್ರೂಗಳನ್ನು ತೆಗೆದು ನೋಡಿ. ಬಟನ್ ಕೆಳಗೆ ರಬ್ಬರಿನ ಸಣ್ಣ ಗುಬ್ಬಿ ಇರುತ್ತದೆ, ಅದರ ಸುತ್ತ ಕಂದು ಬಣ್ಣದ ಜಿಡ್ಡು ಕಟ್ಟಿರುತ್ತದೆ. ಅದು ವರ್ಷಗಟ್ಟಲೆ ಖಾರದ ಕಡ್ಲೆಪುರಿ ತಿಂದ ಕೈಯಲ್ಲೇ ಆಡಿದ್ದರ ಫಲ. ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಒರೆಸಿ, ಪೂರ್ತಿ ಒಣಗಿದ ಮೇಲೆ ಮುಚ್ಚಿ. ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲಿನ ಕಪ್ಪು ಚುಕ್ಕೆಗಳನ್ನು ಮಾತ್ರ ಉಜ್ಜಬೇಡಿ, ಅವು ಎದ್ದು ಬಂದರೆ ಆ ಬಟನ್ ಕಥೆ ಮುಗಿಯಿತು.

ಬಟನ್‌ಗಳ ಕೆಲಸ

ಕತ್ತರಿ ಗುರುತಿನ ಎಕ್ಸ್ ಹೊಡೆಯಲು. ವೃತ್ತ ಹಿಡಿಯಲು. ತ್ರಿಕೋನ ಓಡಲು. ಎಲ್1 ಪಂದ್ಯ ಮುಗಿಸುವ ಕಡೆಯ ಪಟ್ಟು ಹಾಕಲು, ಅಂದರೆ ಆಯಾ ಕುಸ್ತಿಪಟುವಿನ ಹೆಸರಾಂತ ಹೊಡೆತಕ್ಕೆ. ಎಲ್2 ಹಿಡಿತಕ್ಕೆ ಮರುಪಟ್ಟು, ಆರ್2 ಹೊಡೆತಕ್ಕೆ ತಿರುಗೇಟು. ಬಿದ್ದವನ ಪಕ್ಕದಲ್ಲಿ ನಿಂತು ಕೆಳಗಿನ ದಿಕ್ಕು ಮತ್ತು ವೃತ್ತ ಒಟ್ಟಿಗೆ ಒತ್ತಿದರೆ ಚಿತ್ ಮಾಡಲು ಮೇಲೆ ಬೀಳುತ್ತೀರಿ. ಉಳಿದ ಬಟನ್‌ಗಳನ್ನು ಆಡುತ್ತಾ ಕಲಿಯಬಹುದು.

ಮೊದಲ ಪಂದ್ಯಕ್ಕೆ ಮುಂಚೆ ಆಯ್ಕೆಗಳ ಪಟ್ಟಿಗೆ ಹೋಗಿ ಕಷ್ಟದ ಮಟ್ಟವನ್ನು ‘ಈಸಿ’ಗೆ ಇಡಿ. ಇದರಲ್ಲಿ ಅವಮಾನವೇನೂ ಇಲ್ಲ. ಮೇಲಿನ ಮಟ್ಟದಲ್ಲಿ ಯಂತ್ರವೇ ನಿಮ್ಮ ಹಿಡಿತಗಳನ್ನು ಮೇಲಿಂದ ಮೇಲೆ ತಿರುಗಿಸುತ್ತದೆ, ಹೊಸಬರಿಗೆ ಕಲಿಯುವ ಮೊದಲೇ ಬೇಸರ ಬರುತ್ತದೆ.

ತಿರುಗೇಟು ಕಲಿಯುವ ಬಗೆ

ಗರಡಿಯಲ್ಲಿ ಹೊಸ ಹುಡುಗನನ್ನು ಮಟ್ಟಿಗೆ ಇಳಿಸಿದ ದಿನವೇ ಯಾರೂ ಜೋಡಿ ಕಟ್ಟುವುದಿಲ್ಲ. ಮೊದಲು ಬೀಳುವುದನ್ನು, ತಪ್ಪಿಸಿಕೊಳ್ಳುವುದನ್ನು ಕಲಿಸುತ್ತಾರೆ. ಇಲ್ಲಿಯೂ ಅದೇ ಕ್ರಮ ಹಿಡಿಯಿರಿ.

ಇಬ್ಬರು ಕುಳಿತುಕೊಳ್ಳಿ. ಎದುರಿಗಿರುವವರು ಹತ್ತು ನಿಮಿಷ ಬರೀ ವೃತ್ತ ಒತ್ತಿ ಹಿಡಿಯಲು ಬರಬೇಕು, ಒಂದೂ ಗುದ್ದು ಇಲ್ಲ. ನೀವು ಬರೀ ಎಲ್2 ಒತ್ತಿ, ಬೇರೆ ಯಾವುದನ್ನೂ ಮುಟ್ಟಬೇಡಿ. ಮೊದಮೊದಲು ಎಲ್ಲವೂ ತಪ್ಪುತ್ತದೆ, ಏಕೆಂದರೆ ನಿಮ್ಮ ಕಣ್ಣು ನಿಮ್ಮ ಕುಸ್ತಿಪಟುವಿನ ಮೇಲಿರುತ್ತದೆ. ಕಣ್ಣನ್ನು ಅಲ್ಲಿಂದ ಕಿತ್ತು ಎದುರಾಳಿಯ ಹೆಗಲ ಮೇಲೆ ಇಡಿ. ಹಿಡಿಯಲು ಬರುವವನ ಎರಡೂ ಕೈ ಮುಂದೆ ಚಾಚುತ್ತವೆ. ಹೊಡೆಯಲು ಬರುವವನು ಒಂದು ಕೈಯನ್ನೋ ಕಾಲನ್ನೋ ಎತ್ತುತ್ತಾನೆ. ಇಷ್ಟೇ ಸುಳಿವು. ಕೈಗಳು ನಿಮ್ಮನ್ನು ಮುಟ್ಟುವ ಹೊತ್ತಿಗೆ ಬೆರಳು ಬಟನ್ ಮೇಲೆ ಬಿದ್ದಿರಬೇಕು.

ಇದು ಕೈಗೆ ಹತ್ತಿದ ಮೇಲೆ ಹತ್ತು ನಿಮಿಷ ಬರೀ ಎಕ್ಸ್, ನಿಮ್ಮದು ಬರೀ ಆರ್2. ನಂತರ ಎರಡನ್ನೂ ಬೆರೆಸಿ. ನಿಜವಾದ ಪರೀಕ್ಷೆ ಇರುವುದು ಇಲ್ಲಿ: ಹಿಡಿತಕ್ಕೆ ಆರ್2 ಒತ್ತಿದರೆ ಏನೂ ಆಗುವುದಿಲ್ಲ, ಹೊಡೆತಕ್ಕೆ ಎಲ್2 ಒತ್ತಿದರೂ ಅಷ್ಟೇ. ಇದಕ್ಕೂ ಹಿಂದಿನ ಸ್ಮ್ಯಾಕ್‌ಡೌನ್ ಆಟಗಳಲ್ಲಿ ಒಂದೇ ಬಟನ್ ಎರಡಕ್ಕೂ ಸಾಕಾಗಿತ್ತು. ಎರಡಾಗಿ ಒಡೆದದ್ದರಿಂದ ಊಹೆಯ ಕೆಲಸ ಬಂತು, ಮೋಸ ಮಾಡುವ ಅವಕಾಶವೂ ಬಂತು. ಒಳ್ಳೆಯ ಆಟಗಾರ ಮೂರು ಸಲ ಗುದ್ದಿ ನಿಮ್ಮ ಬೆರಳನ್ನು ಆರ್2ಗೆ ಒಗ್ಗಿಸುತ್ತಾನೆ, ನಾಲ್ಕನೆಯ ಸಲ ಹಿಡಿಯುತ್ತಾನೆ. ಆಟದ ಸೊಗಸೆಲ್ಲ ಅದರಲ್ಲೇ ಇದೆ ಎಂದು ನನ್ನ ಅಭಿಪ್ರಾಯ.

ಎರಡೂ ಬಟನ್‌ಗಳನ್ನು ಒಂದೇ ಸಮ ಬಡಿಯುವವರಿದ್ದಾರೆ. ಆಗೊಮ್ಮೆ ಈಗೊಮ್ಮೆ ತಗಲುತ್ತದೆ, ಹಾಗಾಗಿ ಚಟ ಬಿಡುವುದಿಲ್ಲ. ಮನೆಯಲ್ಲಿ ಅಂಥವರಿದ್ದರೆ ಬೇರೆ ಕಂಟ್ರೋಲರ್ ಕೊಡಿ, ನಿಮ್ಮದು ಉಳಿಯುತ್ತದೆ.

ಹಿಡಿತ ಮತ್ತು ಮೈಯ ಲೆಕ್ಕ

ದಿಕ್ಕು ಹಿಡಿದು ವೃತ್ತ ಒತ್ತಿದಾಗ ಹಿಡಿತದ ಬಗೆ ನಿರ್ಧಾರವಾಗುತ್ತದೆ. ಚುರುಕಿನ ಪಟ್ಟುಗಳು, ಬಲದ ಪಟ್ಟುಗಳು, ಆ ಕುಸ್ತಿಪಟುವಿನ ಸ್ವಂತ ಪಟ್ಟುಗಳು, ಕೀಲು ತಿರುಚಿ ಶರಣಾಗಿಸುವ ಪಟ್ಟುಗಳು ಬೇರೆ ಬೇರೆ ದಿಕ್ಕಿನಲ್ಲಿವೆ. ಹಿಡಿದ ಮೇಲೆ ಇನ್ನೊಮ್ಮೆ ದಿಕ್ಕು ಮತ್ತು ವೃತ್ತ ಒತ್ತಿದರೆ ಆ ಗುಂಪಿನ ಒಂದು ಪಟ್ಟು ಬೀಳುತ್ತದೆ. ಹೀಗಾಗಿ ಒಬ್ಬೊಬ್ಬರ ಬಳಿಯೂ ಪಟ್ಟುಗಳ ದೊಡ್ಡ ಸಂಗ್ರಹವಿದೆ. ಎಲ್ಲವನ್ನೂ ಬಾಯಿಪಾಠ ಮಾಡಲು ಹೋಗಬೇಡಿ. ಒಬ್ಬ ಕುಸ್ತಿಪಟುವನ್ನು ಆರಿಸಿಕೊಂಡು, ಒಂದೊಂದು ಬಗೆಯಲ್ಲಿ ಒಂದೊಂದು ಪಟ್ಟನ್ನು ಬೆರಳಿಗೆ ಕಲಿಸಿ.

ತೆರೆಯಲ್ಲಿ ಪ್ರತಿಯೊಬ್ಬರ ಹೆಸರಿನ ಬಳಿ ಪುಟ್ಟ ಮನುಷ್ಯಾಕೃತಿ ಇರುತ್ತದೆ. ತಲೆ, ಮೈ, ಕೈ, ಕಾಲು ಬೇರೆ ಬೇರೆ ಭಾಗ. ಪೆಟ್ಟು ಹೆಚ್ಚಿದಂತೆ ಆ ಭಾಗ ಬಣ್ಣ ಬದಲಿಸುತ್ತಾ ಕೊನೆಗೆ ಕೆಂಪಾಗುತ್ತದೆ. ಇದು ಈ ಆಟದಲ್ಲಿ ಹೊಸದಾಗಿ ಬಂದದ್ದು, ಆಡುವ ಬಗೆಯನ್ನೇ ಬದಲಿಸಿದ್ದು. ಅಲ್ಲಿಷ್ಟು ಇಲ್ಲಿಷ್ಟು ಹೊಡೆಯುವವರು ಗೆಲ್ಲಲು ತಡವಾಗುತ್ತದೆ. ಕಾಲು ತಿರುಚಿ ಗೆಲ್ಲುವ ಕರ್ಟ್ ಆಂಗಲ್ ನಿಮ್ಮ ಆಯ್ಕೆಯಾದರೆ ಮೊದಲಿನಿಂದ ಕಾಲಿಗೇ ಹೊಡೆಯಿರಿ. ಕಾಲು ಕೆಂಪಾದ ಮೇಲೆ ಆಂಕಲ್ ಲಾಕ್ ಹಾಕಿ. ಆಗ ತೆರೆಯಲ್ಲಿ ಹಗ್ಗಜಗ್ಗಾಟದ ಪಟ್ಟಿಯೊಂದು ಬರುತ್ತದೆ, ಇಬ್ಬರೂ ಬಟನ್ ಬಡಿಯಬೇಕು, ಕಾಲು ಕೆಟ್ಟವನ ಕಡೆ ಪಟ್ಟಿ ಸುಲಭವಾಗಿ ಜಾರುತ್ತದೆ. ಹಗ್ಗದ ಹತ್ತಿರ ಮಾತ್ರ ಹಾಕಬೇಡಿ, ಅವನು ಹಗ್ಗ ಮುಟ್ಟಿದರೆ ರೆಫರಿ ಬಿಡಿಸುತ್ತಾನೆ. ಚಿತ್ ಮಾಡುವುದಕ್ಕೂ ಇದೇ ನಿಯಮ, ಅಖಾಡದ ನಡುವಿಗೆ ಎಳೆದು ತಂದು ಮಾಡಿ.

ತೂಕವೂ ಲೆಕ್ಕಕ್ಕಿದೆ. 500 ಪೌಂಡಿನ ಆಸುಪಾಸಿನ ಬಿಗ್ ಶೋವನ್ನು ರೇ ಮಿಸ್ಟೀರಿಯೊ ಎತ್ತಿ ಬಡಿಯಲು ಹೋದರೆ ಎತ್ತಲಾಗುವುದಿಲ್ಲ. ಟ್ರಂಪ್ ಕಾರ್ಡಿನ ತೂಕದ ಸಾಲನ್ನು ಬಾಯಿಪಾಠ ಮಾಡಿದವರಿಗೆ ಕೊನೆಗೂ ಅದರಿಂದ ಒಂದು ಉಪಯೋಗ ಸಿಕ್ಕಿತು! ಹಗುರ ಮೈಯವರನ್ನು ಆರಿಸಿದರೆ ದಡಿಯರ ಎದುರು ಓಡಾಟ, ಮೂಲೆಯ ಕಂಬದಿಂದ ಹಾರುವುದು, ಕಾಲಿಗೆ ಒದೆಯುವುದು, ಇವೇ ದಾರಿ.

ಎಲ್1 ಒತ್ತುವ ಹೊತ್ತು

ಹೊಡೆದಂತೆಲ್ಲ, ಕೆಣಕಿದಂತೆಲ್ಲ ನಿಮ್ಮ ಮೀಟರ್ ತುಂಬುತ್ತದೆ. ತುಂಬಿದಾಗ ಒಂದು ಸ್ಮ್ಯಾಕ್‌ಡೌನ್ ಗುರುತು ಜಮೆಯಾಗುತ್ತದೆ. ಅದನ್ನು ಕೂಡಲೇ ಖರ್ಚು ಮಾಡಬೇಕೆಂದಿಲ್ಲ, ಕೂಡಿಡಬಹುದು. ಎಲ್1 ಒತ್ತುವಾಗ ಇಬ್ಬರೂ ಸರಿಯಾದ ಭಂಗಿಯಲ್ಲಿರಬೇಕು. ಕುಸ್ತಿಪಟು ದಿ ರಾಕ್ ಅವರ ಎರಡು ಕಡೆಯ ಪಟ್ಟುಗಳನ್ನೇ ನೋಡಿ: ರಾಕ್ ಬಾಟಮ್‌ಗೆ ಎದುರಾಳಿ ಎದ್ದು ನಿಂತು ಮುಖ ಕೊಟ್ಟಿರಬೇಕು, ಪೀಪಲ್ಸ್ ಎಲ್ಬೊಗೆ ಅಂಗಾತ ಬಿದ್ದಿರಬೇಕು. ಭಂಗಿ ತಪ್ಪಿದರೆ ಎಲ್1 ಎಷ್ಟು ಒತ್ತಿದರೂ ವ್ಯರ್ಥ.

ಹೊಸಬರು ಗುರುತು ಬಂದ ತಕ್ಷಣ ಎಲ್1 ಒತ್ತುತ್ತಾರೆ, ಎದುರಾಳಿ ಅದನ್ನು ಕಾಯುತ್ತಲೇ ಇರುತ್ತಾನೆ, ಕಡೆಯ ಪಟ್ಟನ್ನೂ ತಿರುಗಿಸಬಹುದಲ್ಲ. ನನ್ನ ಸಲಹೆ: ಎದುರಾಳಿ ತತ್ತರಿಸುತ್ತಾ ಎದ್ದು ನಿಲ್ಲುವಾಗ, ಅವನ ಕೈ ಬಟನ್‌ಗೆ ಮರಳುವ ಮೊದಲು ಹಾಕಿ. ಅದಕ್ಕಿಂತ ಮೊದಲು ತಲೆಯನ್ನೋ ಮೈಯನ್ನೋ ಕೆಂಪು ಮಾಡಿರಿ. ಇಲ್ಲದಿದ್ದರೆ ಎರಡು ಎಣಿಸುವಷ್ಟರಲ್ಲಿ ಎದ್ದುಬಿಡುತ್ತಾನೆ.

ರೆಫರಿಯ ಮೇಲೂ ಒಂದು ಕಣ್ಣಿರಲಿ. ಅವನಿಗೆ ಪೆಟ್ಟು ತಗುಲಿ ಬಿದ್ದರೆ ಎಣಿಸುವವರು ಯಾರೂ ಇಲ್ಲ, ನೀವು ಎಷ್ಟು ಹೊತ್ತು ಮೇಲೆ ಮಲಗಿದರೂ ಲೆಕ್ಕವಿಲ್ಲ. ಆದರೆ ಆಗಲೇ ಕುರ್ಚಿ ಎತ್ತಿಕೊಳ್ಳಲು ಸುಸಮಯ.

ಪಂದ್ಯದ ಬಗೆಗಳು

ಒಬ್ಬರಿಗೊಬ್ಬರು, ಜೋಡಿ, ಪಂಜರ, ಏಣಿ, ಮೇಜು, ಚಾವಣಿಯಿರುವ ದೊಡ್ಡ ಪಂಜರದ ಹೆಲ್ ಇನ್ ಎ ಸೆಲ್, ರಾಯಲ್ ರಂಬಲ್ ಎಲ್ಲವೂ ಇವೆ. ಸರಪಳಿಯ ಗೂಡಿನ ಎಲಿಮಿನೇಷನ್ ಚೇಂಬರ್ ಈ ಸರಣಿಗೆ ಬಂದದ್ದು ಇದರಲ್ಲೇ. ಮನೆಯಲ್ಲಿ ಜನ ಸೇರಿದಾಗ ರಾಯಲ್ ರಂಬಲ್ ಹಾಕಿ, ಅದರಲ್ಲಿ ಹಗ್ಗದ ಮೇಲಿಂದ ಹೊರಗೆ ಬಿದ್ದವರು ಸೋತಂತೆ. ಕಲಿತವರೂ ಕಲಿಯದವರೂ ಒಂದೇ ಸಮ ಹೊರಗೆ ಬೀಳುತ್ತಾರೆ. ಇಬ್ಬರಿಗಿಂತ ಹೆಚ್ಚು ಜನ ಆಡಲು ಮಲ್ಟಿಟ್ಯಾಪ್, ಅಂದರೆ ಹೆಚ್ಚು ಕಂಟ್ರೋಲರ್ ಸಿಕ್ಕಿಸುವ ಡಬ್ಬಿ ಬೇಕು. ದಪ್ಪ ಯಂತ್ರದ್ದು ಬೇರೆ, ತೆಳ್ಳನೆಯದರದ್ದು ಬೇರೆ, ಕೊಳ್ಳುವಾಗ ನೋಡಿ. ಏಣಿಯ ಪಂದ್ಯವನ್ನು ಹೊಸಬರ ಜೊತೆ ಆಡಬೇಡಿ, ಏಣಿ ನೆಟ್ಟಗೆ ನಿಲ್ಲಿಸುವುದರಲ್ಲೇ ರಾತ್ರಿ ಕಳೆಯುತ್ತದೆ.

ಸೀಸನ್ ಮತ್ತು ಅಂಗಡಿ

ಒಬ್ಬ ಕುಸ್ತಿಪಟುವನ್ನು ಹಿಡಿದು ಡಬ್ಲ್ಯೂಡಬ್ಲ್ಯೂಇಯ ಎರಡು ಟಿವಿ ಕಾರ್ಯಕ್ರಮಗಳಾದ ರಾ ಅಥವಾ ಸ್ಮ್ಯಾಕ್‌ಡೌನ್ ತಂಡದಲ್ಲಿ ವಾರದಿಂದ ವಾರಕ್ಕೆ ಸಾಗುವುದು ಸೀಸನ್. ಮಾತುಗಳಿಗೆ ಧ್ವನಿಯಿಲ್ಲ, ಕೆಳಗಿನ ಅಕ್ಷರ ಓದಿಕೊಳ್ಳಬೇಕು. ಪಂದ್ಯದ ನಡುವೆ ವೀಕ್ಷಕ ವಿವರಣೆಯೂ ಇಲ್ಲ. ಅದನ್ನು ಕೊರತೆ ಎನ್ನುವವರಿದ್ದಾರೆ, ನನಗೆ ಹಿತವಾಗಿದೆ. ನಮ್ಮ ಮನೆಯಲ್ಲಿ ಹಿಂದೆ ಕುಳಿತ ತಮ್ಮಂದಿರೇ ಬೇಕಾದಷ್ಟು ವಿವರಣೆ ಕೊಡುತ್ತಾರೆ. ಮಾತಿನ ನಡುವೆ ಆಯ್ಕೆ ಕೇಳಿದಾಗ ಅವಸರದಲ್ಲಿ ಒತ್ತಬೇಡಿ, ಮುಂದಿನ ವಾರದ ಗೆಳೆಯ, ಶತ್ರು ಯಾರೆಂಬುದು ಅದರ ಮೇಲೆ ನಿಂತಿರುತ್ತದೆ.

ಗಳಿಸಿದ ಹಣವನ್ನು ಆಟದೊಳಗಿನ ಅಂಗಡಿಯಲ್ಲಿ ಖರ್ಚು ಮಾಡಬಹುದು. ರಾಡಿ ಪೈಪರ್, ಟೆಡ್ ಡಿಬಿಯಾಸಿ, ಜಿಮ್ಮಿ ಸ್ನೂಕಾ ಮುಂತಾದ ಹಳಬರು ಇಲ್ಲಿ ಸಿಗುತ್ತಾರೆ. ಮೊದಲಿಗೇ ಸಿಗುವ ಅಂಡರ್‌ಟೇಕರ್ ಬೈಕಿನಲ್ಲಿ ಅಖಾಡಕ್ಕೆ ಬರುತ್ತಿದ್ದ ಕಾಲದವರು. ‘ಅವರಿಗೆ ಏಳು ಜೀವ’ ಎಂದು ಶಾಲೆಯಲ್ಲಿ ಆಣೆ ಮಾಡಿ ಹೇಳುತ್ತಿದ್ದರಲ್ಲ, ಆ ಕರಿಯ ಟೋಪಿಯ ಹಳೆಯ ಅಂಡರ್‌ಟೇಕರ್ ಬೇಕಾದರೆ ಹಣ ಕೂಡಿಸಬೇಕು. ಮಕ್ಕಳು ದಿ ಗ್ರೇಟ್ ಖಲಿ ಎಲ್ಲಿ ಎಂದು ಕೇಳುತ್ತಾರೆ. ಅವರು ಡಬ್ಲ್ಯೂಡಬ್ಲ್ಯೂಇಯಲ್ಲಿ ಕಾಣಿಸಿಕೊಂಡದ್ದು 2006ರಲ್ಲಿ, ಈ ಆಟಕ್ಕೆ ಮೂರು ವರ್ಷ ಆದ ಮೇಲೆ.

ನಮ್ಮೂರಿನ ಪೈಲ್ವಾನ

ಹೊಸ ಕುಸ್ತಿಪಟುವನ್ನು ಕಟ್ಟುವ ವಿಭಾಗಕ್ಕೆ ಒಂದು ಇಡೀ ಭಾನುವಾರ ಕೊಡಿ. ಮುಖ, ಎತ್ತರ, ತೂಕ, ಉಡುಪು, ನಡೆದು ಬರುವ ಠೀವಿ, ಪಟ್ಟುಗಳು ಎಲ್ಲ ನಿಮ್ಮ ಆಯ್ಕೆ. ಜಾತ್ರೆಯ ಕುಸ್ತಿಯ ಪೈಲ್ವಾನ ಬೇಕೆಂದರೆ ಬೂಟು ತೆಗೆದು ಬರಿಗಾಲು ಮಾಡಿ, ಚಿಕ್ಕ ಚಡ್ಡಿಗೆ ಕೆಂಪು ಬಣ್ಣ ಕೊಡಿ, ಮೀಸೆಯನ್ನು ಇರುವುದರಲ್ಲೇ ದೊಡ್ಡದು ಆರಿಸಿ. ಕನ್ನಡ ಅಕ್ಷರ ಇಲ್ಲ, ಹೆಸರನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ಪಟ್ಟು ಆರಿಸುವಾಗ ನೋಡಲು ಚಂದ ಎಂದು ಕಂಬದಿಂದ ಹಾರುವುದನ್ನೆಲ್ಲ ತುಂಬಬೇಡಿ. ಒಂದೇ ಅಂಗಕ್ಕೆ ಪೆಟ್ಟು ಕೊಡುವ ಪಟ್ಟುಗಳನ್ನು ಜೋಡಿಸಿ, ಕಡೆಯ ಪಟ್ಟು ಅದೇ ಅಂಗಕ್ಕೆ ಬೀಳುವಂತಿರಲಿ. ಆರಂಭದಲ್ಲಿ ಅವನು ದುರ್ಬಲ. ಸೀಸನ್ ಆಡಿಸಿ ಅಂಕ ಗಳಿಸಿದಂತೆ ಬಲ ಬರುತ್ತದೆ. ತೂಕವನ್ನು ನಡುಮಟ್ಟಕ್ಕೆ ಇಡುವುದು ಜಾಣತನ, ಬಹಳ ಮಂದಿಯನ್ನು ಎತ್ತಬಹುದು.

ಆಡಿ ಮುಗಿದ ಮೇಲೆ

ಯಂತ್ರ ಓಡುವಾಗ ಅದರ ಮೇಲೆ ಬಟ್ಟೆ ಹೊದಿಸಬೇಡಿ, ಗಾಳಿಯ ಕಿಂಡಿ ಮುಚ್ಚಿ ಬಿಸಿಯಾಗುತ್ತದೆ. ಆರಿಸಿ ತಣ್ಣಗಾದ ಮೇಲೆ ಹೊದಿಸಿ. ದಿನಾಂಕ ಪ್ರತಿ ಸಲ ಹಿಂದಕ್ಕೆ ಹೋಗುತ್ತಿದ್ದರೆ ಒಳಗಿನ ಸಣ್ಣ ಬಿಲ್ಲೆ ಬ್ಯಾಟರಿ ಸತ್ತಿದೆ. ಅದು ಸಾಮಾನ್ಯ ಸಿಆರ್ 2032, ಗಡಿಯಾರದ ಅಂಗಡಿಯಲ್ಲೇ ಸಿಗುತ್ತದೆ. ಲೆನ್ಸ್ ಒರೆಸುವಾಗ ಉಗುಳು, ಕನ್ನಡಕದ ಬಟ್ಟೆ, ಅಂಗಿಯ ತುದಿ ಯಾವುದೂ ಬೇಡ. ಹತ್ತಿಯ ಕಡ್ಡಿ, ಒಂದು ಹನಿ ಐಸೊಪ್ರೊಪೈಲ್, ಒತ್ತಡವಿಲ್ಲದ ಕೈ ಸಾಕು. ಆಡಲು ಬೇರೆ ಮನೆಗೆ ಒಯ್ಯುವುದಾದರೆ ಡಿಸ್ಕನ್ನು ಹೊರಗೆ ತೆಗೆದು ಅದರ ಡಬ್ಬಿಯಲ್ಲಿಟ್ಟು, ಮೆಮೊರಿ ಕಾರ್ಡನ್ನು ಕಿಂಡಿಯಿಂದ ಕಿತ್ತು ಜೇಬಿಗೆ ಹಾಕಿಕೊಂಡು ಹೊರಡಿ.